ಸೈಲೆನ್ಸರ್ ಸರಿಸಬೇಕಾ, ಪೆಡಲ್ ಸರಿಸಬೇಕಾ? ಎಂಜಿನ್ ಹಾಕಿದ ಸೈಕಲ್ಲಿನಲ್ಲಿ ಜಾಗ ಮಾಡುವ ದಾರಿಗಳು

ಎಂಜಿನ್ ಕೂತಿತು, ಕಾರ್ಬೊರೇಟರ್ ಕೂತಿತು, ಚೈನ್ ಬಿತ್ತು, ಕೊನೆಗೆ ಸೈಲೆನ್ಸರ್ ಕೂಡ ಬಿಗಿಯಾಯಿತು. ಖುಷಿಯಿಂದ ಪೆಡಲ್ ತುಳಿದರೆ ಅರ್ಧ ಸುತ್ತಿಗೇ "ಟಕ್" ಅಂತ ನಿಂತುಬಿಟ್ಟಿತು. ಸಾದಾ ಸೈಕಲ್ಲಿಗೆ ಎಂಜಿನ್ ಕಿಟ್ ಹಾಕಿದವರಲ್ಲಿ ತುಂಬ ಜನ ಈ "ಟಕ್" ಕೇಳಿರುತ್ತಾರೆ.

ನಾನು ಆವತ್ತು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಪೆಡಲ್ ತಾಗುತ್ತಿದೆ ಅಂದುಕೊಂಡು ಪೆಡಲ್ ಎಕ್ಸ್‌ಟೆಂಡರ್ ತರಿಸಿದೆ. ಪೆಡಲ್ಲನ್ನು 20 ಮಿ.ಮೀ. ಆಚೆ ತಳ್ಳುವ ಸಣ್ಣ ತುಂಡು ಅದು. ಹಾಕಿ ತಿರುಗಿಸಿದೆ, ಮತ್ತೆ ಅದೇ "ಟಕ್". ಯಾಕಂದ್ರೆ ತಾಗುತ್ತಿದ್ದದ್ದು ಪೆಡಲ್ ಅಲ್ಲ, ಅದನ್ನು ಹಿಡಿದಿರುವ ಕ್ರ್ಯಾಂಕ್. ಎಕ್ಸ್‌ಟೆಂಡರ್ ಪೆಡಲ್ಲನ್ನು ಮಾತ್ರ ಸರಿಸುತ್ತದೆ, ಕ್ರ್ಯಾಂಕ್ ಇದ್ದಲ್ಲೇ ಇರುತ್ತದೆ. ಅದಕ್ಕೇ ಯಾವ ದಾರಿ ಒಳ್ಳೆಯದು ಅಂತ ಕೇಳುವ ಮುಂಚೆ, ಯಾವುದು ಯಾವುದಕ್ಕೆ ತಾಗುತ್ತಿದೆ ಅಂತ ನೋಡಬೇಕು.

ಮೊದಲು ತಾಗುವ ಜಾಗ ಹಿಡಿಯಿರಿ

ಕ್ರ್ಯಾಂಕಿನ ಒಳಮೈಗೆ ಸೀಮೆಸುಣ್ಣ ಉಜ್ಜಿ. ಸೈಕಲ್ ಎತ್ತಿ ನಿಲ್ಲಿಸಿ ಕ್ರ್ಯಾಂಕ್ ನಿಧಾನಕ್ಕೆ ತಿರುಗಿಸಿ. ಬಿಳಿ ಗುರುತು ಎಲ್ಲಿ ಬಿತ್ತೋ ಅಲ್ಲೇ ತಕರಾರು. ಆಮೇಲೆ ದಿನಾ ಹಾಕುವ ಶೂ ಹಾಕಿಕೊಂಡೇ ಸೀಟಿನ ಮೇಲೆ ಕೂತು ಇನ್ನೊಂದು ಸಲ ತಿರುಗಿಸಿ. ಬರಿಗಾಲಿಗೆ ತಾಗದ್ದು ಶೂಗೆ ತಾಗಬಹುದು. ಇನ್ನೂ ಒಂದು ಪರೀಕ್ಷೆ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಮುಂದೆ ಸಸ್ಪೆನ್ಷನ್ ಫೋರ್ಕ್ ಇದ್ದರೆ ಅದನ್ನು ಜೋರಾಗಿ ಒತ್ತಿ. ನಿಂತಾಗ ಎರಡು ಬೆರಳು ಜಾಗ ಇದ್ದ ಬೆಂಡ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಬಗ್ಗಿ ಹೋಗುವ ಪೈಪ್), ಫೋರ್ಕ್ ಒತ್ತಿದಾಗ ಟೈರಿಗೆ ಮುತ್ತಿಡುತ್ತಿರಬಹುದು.

ಎಷ್ಟು ಜಾಗ ಬೇಕು? ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಕ್ರ್ಯಾಂಕ್‌ಗೂ ಎಂಜಿನ್ ಕೇಸ್‌ಗೂ ನಡುವೆ ಕಡಿಮೆ ಅಂದರೂ 5 ಮಿ.ಮೀ. ಇರಲಿ. ಜೋರಾಗಿ ತುಳಿದಾಗ ಕ್ರ್ಯಾಂಕ್ ಸ್ವಲ್ಪ ಬಳುಕುತ್ತದೆ, ಬೇರಿಂಗ್ ಸವೆದರೆ ಇನ್ನೂ ಜಾಸ್ತಿ ಆಡುತ್ತದೆ. ಕ್ರ್ಯಾಂಕ್‌ಗೂ ಸೈಲೆನ್ಸರ್‌ಗೂ ನಡುವೆ 10 ಮಿ.ಮೀ. ಇರಲಿ, ಯಾಕಂದ್ರೆ ಸೈಲೆನ್ಸರ್ ನಡುಗುತ್ತದೆ. ಶೂಗೂ ಬಿಸಿ ಪೈಪಿಗೂ ನಡುವೆ ಎರಡು ಬೆರಳಗಲ ಬೇಕು.

ಈ ತೊಂದರೆ ಯಾಕೆ ಬರುತ್ತದೆ ಅನ್ನೋದೂ ಗೊತ್ತಿರಲಿ. ಫ್ರೇಮಿನ ಮಧ್ಯ ಕೂರುವ ಟೂ-ಸ್ಟ್ರೋಕ್ ಕಿಟ್‌ಗಳಲ್ಲಿ ಸಿಲಿಂಡರಿನ ಹೊಗೆ ಬಾಯಿ ಮುಂದಕ್ಕೆ, ಅಂದರೆ ಡೌನ್ ಟ್ಯೂಬಿನ (ಹ್ಯಾಂಡಲ್ ಬುಡದಿಂದ ಪೆಡಲ್ ಕಡೆಗೆ ಇಳಿಯುವ ಫ್ರೇಮಿನ ಕೊಳವೆ) ಕಡೆಗೆ ಮುಖ ಮಾಡಿರುತ್ತದೆ. ಪೈಪ್ ಅಲ್ಲಿಂದ ಬಗ್ಗಿ, ಟ್ಯೂಬನ್ನು ಬಳಸಿ, ಕೆಳಗೆ ಪೆಡಲ್ ಸುತ್ತುವ ಜಾಗದ ಹತ್ತಿರಕ್ಕೇ ಬರುತ್ತದೆ. ಕಿಟ್ಟಿನ ಪೈಪನ್ನು ಸಪೂರ ಉಕ್ಕಿನ ಫ್ರೇಮ್ ಮನಸ್ಸಲ್ಲಿಟ್ಟುಕೊಂಡು ಬಗ್ಗಿಸಿರುತ್ತಾರೆ. ನಾವು ಅದನ್ನು ದಪ್ಪ ಅಲ್ಯೂಮಿನಿಯಂ ಟ್ಯೂಬಿನ ಮೌಂಟನ್ ಬೈಕಿಗೆ ಹಾಕುತ್ತೇವೆ. ಆಗ ಪೈಪ್ ಹೊರಕ್ಕೆ ಜರುಗಲೇಬೇಕು, ಹೊರಗೆ ಕಾಲಿದೆ. 80 ಸಿಸಿ ಅಂತ ಮಾರುವ ಎಂಜಿನ್ ಕೂಡ ಅಳೆದರೆ 47 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 38 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಅಂದರೆ ಸುಮಾರು 66 ಸಿಸಿ. 48 ಸಿಸಿಯದ್ದು ಅದರ ತಮ್ಮ, ಮೈ ಗಾತ್ರದಲ್ಲಿ ಬಹಳ ವ್ಯತ್ಯಾಸ ಇಲ್ಲ. ಹಾಗಾಗಿ ಚಿಕ್ಕ ಎಂಜಿನ್ ತಗೊಂಡರೆ ಜಾಗ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ಕ್ರ್ಯಾಂಕ್ ಎಂಜಿನ್ನಿಗೇ ತಾಗುತ್ತಿದ್ದರೆ

ಇಲ್ಲಿ ಸೈಲೆನ್ಸರನ್ನು ಏನು ಮಾಡಿದರೂ ಉಪಯೋಗ ಇಲ್ಲ. ಕ್ರ್ಯಾಂಕನ್ನೇ ಹೊರಗೆ ತರಬೇಕು. ಅದಕ್ಕೆ ನೇರ ದಾರಿ ಉದ್ದದ ಬಿ.ಬಿ. (ಬಾಟಮ್ ಬ್ರಾಕೆಟ್) ಆಕ್ಸಲ್, ಅಂದರೆ ಫ್ರೇಮಿನ ಬುಡದಲ್ಲಿ ಎರಡೂ ಕ್ರ್ಯಾಂಕ್ ಹಿಡಿದಿರುವ ಅಚ್ಚು. ಆದರೆ ಯಾವ ಫ್ರೇಮ್ ಅನ್ನೋದರ ಮೇಲೆ ಕೆಲಸ ಬದಲಾಗುತ್ತದೆ.

ಚೌಕ ತುದಿಯ ಆಕ್ಸಲ್ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಸೈಕಲ್‌ಗಳಲ್ಲಿ ಬರುವ ಆಕ್ಸಲ್ ಸಾಮಾನ್ಯವಾಗಿ 110ರಿಂದ 127 ಮಿ.ಮೀ. ಉದ್ದ. ಎಂಜಿನ್ ಹಾಕುವ ಸೈಕಲ್ಲಿಗೆ, ಅಗಲ ಟೈರಿನ ಸೈಕಲ್ಲಿಗೆ ಅಂತಲೇ ಇನ್ನೂ ಉದ್ದದವು ಸಿಗುತ್ತವೆ. ಲೆಕ್ಕ ಸುಲಭ. ಕ್ರ್ಯಾಂಕ್ 4 ಮಿ.ಮೀ. ತಾಗುತ್ತಿದೆ, ಮೇಲೆ 6 ಮಿ.ಮೀ. ಖಾಲಿ ಬೇಕು ಅಂತಿಟ್ಟುಕೊಳ್ಳಿ. ಒಂದು ಬದಿಗೆ 10 ಮಿ.ಮೀ. ಆಯಿತು. ಆಕ್ಸಲ್ ಎರಡೂ ಬದಿಗೆ ಸಮ ಉದ್ದ ಬೆಳೆಯುವುದರಿಂದ ಒಟ್ಟು 20 ಮಿ.ಮೀ. ಉದ್ದದ್ದು ತರಬೇಕು. 122 ಇದ್ದ ಕಡೆ 142ರ ಆಸುಪಾಸಿನದು. ಆಕ್ಸಲ್ ಕೊಳ್ಳುವಾಗ ಶೆಲ್ (ಆಕ್ಸಲ್ ಕೂರುವ ಫ್ರೇಮಿನ ಅಡ್ಡ ಕೊಳವೆ) ಅಗಲವೂ ಹೊಂದಬೇಕು, 68 ಮಿ.ಮೀ. ಆಗಿರಬಹುದು, 73 ಆಗಿರಬಹುದು. ಸ್ಕೇಲಿಟ್ಟು ಅಳೆದು ತನ್ನಿ, ಕಣ್ಣಂದಾಜು ಬೇಡ.

ಬಿಚ್ಚುವಾಗ ಒಂದು ಎಚ್ಚರ. ಬಹುಪಾಲು ಸೈಕಲ್‌ಗಳ ಇಂಗ್ಲಿಷ್ ಥ್ರೆಡ್ ಶೆಲ್ಲಿನಲ್ಲಿ ಬಲಗಡೆ ಕಪ್ (ಬೇರಿಂಗ್ ಹಿಡಿದಿರುವ ಬಳೆ) ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಉದ್ದ ಪೈಪ್ ಸಿಕ್ಕಿಸಿ, ಬಿಚ್ಚುತ್ತೇನೆ ಅಂತ ಇನ್ನೂ ಬಿಗಿ ಮಾಡಿದವರಿದ್ದಾರೆ. ಕ್ರ್ಯಾಂಕ್ ಎಳೆಯಲು ಪುಲ್ಲರ್ ಬಳಸಿ, ಸುತ್ತಿಗೆಯಿಂದ ಬಡಿದರೆ ಬೇರಿಂಗ್ ಹಾಳು. ಮತ್ತೆ ಹಾಕುವಾಗ ಕ್ರ್ಯಾಂಕ್ ಬೋಲ್ಟನ್ನು 35ರಿಂದ 40 ನ್ಯೂಟನ್ ಮೀಟರ್ ಬಿಗಿ ಮಾಡಿ. ಸಡಿಲ ಬಿಟ್ಟರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ನಾಲ್ಕೇ ದಿನಕ್ಕೆ ದುಂಡಗಾಗುತ್ತದೆ.

ಎಡದಿಂದ ಬಲಕ್ಕೆ ಒಂದೇ ಕಬ್ಬಿಣದ ಕಡ್ಡಿ ಬಗ್ಗಿಸಿದಂತೆ ಇರುವ ಕ್ರ್ಯಾಂಕ್ ಆದರೆ ಆಕ್ಸಲ್ ಬೇರೆ ಅಂತ ಇರುವುದೇ ಇಲ್ಲ. ಕ್ರೂಸರ್, ಹಳೆಯ ಬಿಎಂಎಕ್ಸ್ ಸೈಕಲ್‌ಗಳಲ್ಲಿ ಇದನ್ನು ನೋಡಿರುತ್ತೀರಿ. ಅದಕ್ಕೆ ಎರಡು ದಾರಿ. ಎಂಜಿನ್ ಕಿಟ್‌ಗೆ ಅಂತಲೇ ಮಾಡಿದ ಅಗಲದ ಒಂದೇ ತುಂಡಿನ ಕ್ರ್ಯಾಂಕ್ ತರಬಹುದು. ಇಲ್ಲವಾದರೆ ದೊಡ್ಡ ಶೆಲ್ಲಿನೊಳಗೆ ಅಡಾಪ್ಟರ್ ಕೂರಿಸಿ ಚೌಕ ಆಕ್ಸಲ್ ಹಾಕಬಹುದು. ಮೊದಲನೆಯದು ಒಂದೇ ಮಧ್ಯಾಹ್ನದ ಕೆಲಸ, ನಾನು ಅದನ್ನೇ ಆರಿಸುತ್ತೇನೆ. ಎರಡನೆಯದರಲ್ಲಿ ಉದ್ದ ಆರಿಸುವ ಸ್ವಾತಂತ್ರ್ಯ ಇದೆ, ಆದರೆ ಅಡಾಪ್ಟರ್ ಸಡಿಲವಾಗಿ ಕಿರುಗುಟ್ಟಲು ಶುರು ಮಾಡಿದರೆ ತಲೆನೋವು. ಹೊಸ ಕ್ರ್ಯಾಂಕಿನ ಜೊತೆ ಹಳೆಯ ಪೆಡಲ್ ಹೊಂದುತ್ತದಾ ಅಂತಲೂ ನೋಡಿ. ಒಂದೇ ತುಂಡಿನ ಕ್ರ್ಯಾಂಕಿಗೆ ಅರ್ಧ ಇಂಚಿನ ಪೆಡಲ್, ಎರಡು ಕ್ರ್ಯಾಂಕ್, ಒಂದು ಆಕ್ಸಲ್ ಅಂತ ಮೂರು ತುಂಡಿನದ್ದಕ್ಕೆ 9/16 ಇಂಚಿನದು.

ಕ್ರ್ಯಾಂಕನ್ನು ಆಕ್ಸಲ್ಲಿಗೆ ಬೆಣೆಯಂತೆ ಹಿಡಿಸುವ ಕಾಟರ್ ಪಿನ್ ಇರುವ ಹಳೆಯ ಸೈಕಲ್ಲಾದರೆ ಉದ್ದದ ಕಾಟರ್ ಆಕ್ಸಲ್ ಹುಡುಕುತ್ತಾ ಕೂರುವ ಬದಲು ಪೂರ್ತಿ ಚೌಕ ಸೆಟ್ಟಿಗೇ ಬದಲಾಯಿಸಿ.

ಅಗಲ ಕ್ರ್ಯಾಂಕಿಗೆ ತೆರಬೇಕಾದ ಬೆಲೆ ಎರಡು. ಒಂದು, ಚೈನ್ ವೀಲ್ ಕೂಡ 10 ಮಿ.ಮೀ. ಹೊರಗೆ ಬರುತ್ತದೆ, ಪೆಡಲ್ ಚೈನ್ ಓರೆಯಾಗುತ್ತದೆ. ಹಿಂದೆ ಗೇರ್ ಇದ್ದರೆ ಹೊರಗಿನ ಚಿಕ್ಕ ಹಲ್ಲುಗಳಲ್ಲಿ ಓಡಿಸಿ ಸುಧಾರಿಸಿಕೊಳ್ಳಬಹುದು. ಒಂದೇ ಫ್ರೀವೀಲ್ ಇದ್ದರೆ 2–3 ಮಿ.ಮೀ. ಓರೆಗಿಂತ ಜಾಸ್ತಿ ಆದಾಗ ಚೈನ್ ಕರಕರ ಅನ್ನುತ್ತದೆ, ಬೀಳುತ್ತದೆ. ಆಗ ಚೈನ್ ವೀಲ್ಲನ್ನು ಕ್ರ್ಯಾಂಕಿನ ಒಳಬದಿಗೆ ಬದಲಾಯಿಸಲು ಆಗುತ್ತದಾ ನೋಡಿ. ಎರಡು, ಕಾಲು ಅಗಲ ಮಾಡಿ ತುಳಿಯಬೇಕು. ಮೌಂಟನ್ ಬೈಕಿನಲ್ಲಿ ಎರಡು ಪೆಡಲ್ ಸಿಕ್ಕಿಸುವ ಮುಖಗಳ ನಡುವೆ ಸುಮಾರು 170 ಮಿ.ಮೀ. ಇರುತ್ತದೆ. ಅದು 190 ಆದರೆ ಎಂಜಿನ್ ಓಡುವಾಗ ಗೊತ್ತೇ ಆಗುವುದಿಲ್ಲ. ಪೆಟ್ರೋಲ್ ಮುಗಿದು ಮೂರು ಕಿಲೋಮೀಟರ್ ತುಳಿದಾಗ ಮಂಡಿ ಹೇಳುತ್ತದೆ.

ಫೋರ್-ಸ್ಟ್ರೋಕ್ ಎಂಜಿನ್ ಹಾಕುವವರಿಗೆ ಇಲ್ಲಿ ಆಯ್ಕೆಯೇ ಇಲ್ಲ. ಹೊಂಡಾ ಜಿಎಕ್ಸ್‌ಎಚ್50, ಹುವಾಶೆಂಗ್ 142ಎಫ್ ತರಹದ 49 ಸಿಸಿ ಎಂಜಿನ್‌ಗಳಿಗೆ ಪಕ್ಕದಲ್ಲಿ ಗೇರ್ ಬಾಕ್ಸ್ ಅಂಟಿಕೊಳ್ಳುತ್ತದೆ. ಒಟ್ಟು ಅಗಲ ಟೂ-ಸ್ಟ್ರೋಕ್‌ಗಿಂತ ಜಾಸ್ತಿ. ಅಗಲ ಕ್ರ್ಯಾಂಕ್ ಇಲ್ಲದೆ ಅದು ಕೂರುವುದೇ ಕಷ್ಟ.

"ಎಂಜಿನ್ನನ್ನೇ ಐದು ಮಿ.ಮೀ. ಪಕ್ಕಕ್ಕೆ ಸರಿಸಿದರೆ ಆಗಲ್ವಾ?" ಅಂತ ಕೇಳುವವರಿದ್ದಾರೆ. ಕ್ರ್ಯಾಂಕಿಗೆ ಜಾಗ ಆಗುತ್ತದೆ ನಿಜ. ಆದರೆ ಎಂಜಿನ್ನಿನ ಸ್ಪ್ರಾಕೆಟ್ ಹಿಂದಿನ ಚಕ್ರದ ಸ್ಪ್ರಾಕೆಟ್ಟಿನ ನೇರ ತಪ್ಪುತ್ತದೆ. ಪೆಡಲ್ ಚೈನ್ ಬಿದ್ದರೆ ಬೇಜಾರು. ಓಡುವಾಗ ಎಂಜಿನ್ ಚೈನ್ ಬಿದ್ದು ಕಡ್ಡಿಗೆ ಸಿಕ್ಕಿಕೊಂಡರೆ ಚಕ್ರವೇ ಕಟ್ಟಿಬಿಡುತ್ತದೆ. ಅದನ್ನು ಮುಟ್ಟಬೇಡಿ.

ತಾಗುತ್ತಿರುವುದು ಸೈಲೆನ್ಸರ್ ಆಗಿದ್ದರೆ

ಈಗ ನನ್ನ ಪಕ್ಷಪಾತ ಹೇಳುತ್ತೇನೆ. ಕ್ರ್ಯಾಂಕ್ ಎಂಜಿನ್ನನ್ನು ದಾಟುತ್ತಿದೆ, ಸೈಲೆನ್ಸರಿಗೆ ಮಾತ್ರ ತಾಗುತ್ತಿದೆ ಅಂದರೆ ಪೈಪನ್ನೇ ಸರಿಸಿ, ಕಾಲನ್ನಲ್ಲ. ಪೈಪಿಗೆ ಮಂಡಿನೋವು ಬರುವುದಿಲ್ಲ. ಆದರೆ ಪೈಪ್ ಸರಿಸುವ ದಾರಿಗಳಲ್ಲೂ ಒಳ್ಳೆಯದು ಕೆಟ್ಟದ್ದು ಇದೆ.

ಅತಿ ಸುಲಭದ್ದು ಫ್ಲ್ಯಾಂಜಿನ (ಪೈಪನ್ನು ಸಿಲಿಂಡರಿಗೆ ಬಿಗಿಯುವ ಚಪ್ಪಟೆ ತಟ್ಟೆ) ತೂತನ್ನು ಅರದಿಂದ ಉಜ್ಜಿ ಸ್ವಲ್ಪ ಉದ್ದ ಮಾಡಿ ಪೈಪನ್ನು ಓರೆಗೆ ತಿರುಗಿಸುವುದು. ಮೇಲೆ ಒಂದೆರಡು ಡಿಗ್ರಿ ತಿರುಗಿದರೆ ಕೆಳಗೆ ಸೈಲೆನ್ಸರ್ ತುದಿಯಲ್ಲಿ ಅದೇ ಒಂದು ಸೆಂಟಿಮೀಟರ್ ಆಗುತ್ತದೆ. ಆದರೆ ಜಾಸ್ತಿ ಉಜ್ಜಿದರೆ ಪ್ಯಾಕಿಂಗ್ ಸರಿಯಾಗಿ ಕೂರದೆ ಹೊಗೆ, ಎಣ್ಣೆ ಎರಡೂ ಸೋರುತ್ತವೆ. ಸಣ್ಣ ತಕರಾರಿಗೆ ಸಾಕು, ಅಷ್ಟೇ.

ಪೈಪ್ ಡೌನ್ ಟ್ಯೂಬಿಗೆ ಅಥವಾ ಮುಂದಿನ ಚಕ್ರಕ್ಕೆ ತಾಗುವವರಿಗೆ ಸಿಲಿಂಡರ್ ಮತ್ತು ಪೈಪಿನ ನಡುವೆ ಹಾಕುವ ಓರೆ ಅಡಾಪ್ಟರ್ ತುಂಡು ಚೆನ್ನಾಗಿ ಕೆಲಸ ಮಾಡುತ್ತದೆ. ಇದಕ್ಕೆ ಉದ್ದದ ಸ್ಟಡ್ (ಸಿಲಿಂಡರಿಗೆ ತಿರುಪಿರುವ, ತಲೆಯಿಲ್ಲದ ಬೋಲ್ಟ್) ಬೇಕಾಗಬಹುದು. ಹಳೆಯ ಸ್ಟಡ್ ತೆಗೆಯಲು ಎರಡು ನಟ್ ಒಂದರ ಮೇಲೊಂದು ಬಿಗಿದು ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿ. ಸಿಲಿಂಡರ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಬಿಗಿ ಮಾಡುವಾಗ ಮನಸಾರೆ ಎಳೆದರೆ ಥ್ರೆಡ್ಡೇ ಕೈಗೆ ಬರುತ್ತದೆ. 6 ಮಿ.ಮೀ. ಸ್ಟಡ್ಡಿಗೆ 8–10 ನ್ಯೂಟನ್ ಮೀಟರ್ ಸಾಕು. ನೈಲಾನ್ ರಿಂಗ್ ಇರುವ ಲಾಕ್ ನಟ್ ಇಲ್ಲಿ ಬೇಡ, ಆ ಬಿಸಿಗೆ ನೈಲಾನ್ ಕರಗಿಹೋಗುತ್ತದೆ. ಪೂರ್ತಿ ಲೋಹದ ಲಾಕ್ ನಟ್ ಹಾಕಿ.

ಪೈಪನ್ನೇ ಕಾಯಿಸಿ ಬಗ್ಗಿಸುವುದು ಹಳೆಯ ವಿದ್ಯೆ. ಒಳಗೆ ಮರಳು ತುಂಬಿ, ಬಾಯಿ ಮುಚ್ಚಿ, ಕೆಂಪಗೆ ಕಾಯಿಸಿ ನಿಧಾನ ಬಗ್ಗಿಸುತ್ತಾರೆ. ಮರಳು ಇರುವುದರಿಂದ ಪೈಪ್ ಚಪ್ಪಟೆಯಾಗುವುದಿಲ್ಲ. ಆದರೆ ಮರಳು ಪೂರ್ತಿ ಒಣಗಿರಬೇಕು. ತೇವ ಇದ್ದರೆ ಒಳಗೆ ಹಬೆ ಕಟ್ಟಿ ಮುಚ್ಚಳ ಗುಂಡಿನಂತೆ ಹಾರುತ್ತದೆ. ಮುಚ್ಚಳದಲ್ಲಿ ಸಣ್ಣ ತೂತು ಇಟ್ಟಿರಿ. ಕ್ರೋಮ್ ಲೇಪ ಇರುವ ಪೈಪನ್ನು ಹಾಗೇ ಕಾಯಿಸಿದರೆ ಲೇಪ ಸುಲಿಯುತ್ತದೆ, ಹೊಗೆಯೂ ವಿಷ. ಕಿಟ್ಟಿನ ಪೈಪ್ ತೆಳು ಇರುವುದರಿಂದ ಮೊದಲ ಸಲಕ್ಕೇ ಸರಿಯಾಗಿ ಬಗ್ಗುತ್ತದೆ ಅಂತ ಭರವಸೆ ಇಲ್ಲ. ನನ್ನ ಮೊದಲ ಪೈಪ್ ಮಡಚಿದ ಸ್ಟ್ರಾ ತರ ಆಗಿತ್ತು.

ನನಗೆ ಇಷ್ಟವಾದದ್ದು ಕತ್ತರಿಸಿ ತಿರುಗಿಸಿ ವೆಲ್ಡ್ ಮಾಡುವುದು. ಬೆಂಡಿನ ಹತ್ತಿರ ಪೈಪಿನ ಉದ್ದಕ್ಕೆ ಒಂದು ನೇರ ಗೆರೆ ಎಳೆಯಿರಿ. ಆ ಗೆರೆಗೆ ಅಡ್ಡವಾಗಿ ಪೈಪ್ ಕತ್ತರಿಸಿ. ಎರಡೂ ತುಂಡುಗಳನ್ನು ಸೈಕಲ್ ಮೇಲೆ ಹಿಡಿದು, ಎಲ್ಲೂ ತಾಗದ ಹಾಗೆ ಕೆಳಗಿನದನ್ನು ತಿರುಗಿಸಿ. ಗೆರೆ ಎರಡು ಕಡೆ ಎಷ್ಟು ಜರುಗಿತೋ ಅಷ್ಟಕ್ಕೆ ಗುರುತು ಹಾಕಿ, ಬಿಚ್ಚಿ, ಕೆಳಗಿಟ್ಟು ವೆಲ್ಡ್ ಮಾಡಿಸಿ. ಪೈಪಿನ ಒಟ್ಟು ಉದ್ದ ಬದಲಾಗಲಿಲ್ಲ, ಒಳಗಿನ ಅಗಲವೂ ಕಿರಿದಾಗಲಿಲ್ಲ. ಟೂ-ಸ್ಟ್ರೋಕಿನಲ್ಲಿ ಇದು ಮುಖ್ಯ. ಪೈಪಿನಲ್ಲಿ ಹೋಗಿ ತಿರುಗಿ ಬರುವ ಒತ್ತಡದ ಅಲೆಯ ಮೇಲೆ ಎಂಜಿನ್ನಿನ ಎಳೆತ ನಿಂತಿದೆ. ಪೈಪ್ ಉದ್ದ ಆದಷ್ಟೂ ಒಳ್ಳೆಯ ಎಳೆತ ಕಡಿಮೆ ಆರ್‌ಪಿಎಂಗೆ ಇಳಿಯುತ್ತದೆ. ಸೈಕಲ್ ಮೇಲಿಟ್ಟೇ ವೆಲ್ಡ್ ಮಾಡುತ್ತೇನೆ ಅನ್ನುವವರ ಮಾತು ಕೇಳಬೇಡಿ. ಪೆಟ್ರೋಲ್ ಟ್ಯಾಂಕ್ ಒಂದು ಮೊಳ ದೂರದಲ್ಲಿದೆ, ವೆಲ್ಡಿಂಗ್ ಕರೆಂಟಿಗೆ ಇಗ್ನಿಷನ್ನಿನ ಸಿಡಿಐ ಡಬ್ಬಿಯೂ ಸುಡಬಹುದು. ನೀರಿನ ನಲ್ಲಿಗೆ ಹಾಕುವ ಗ್ಯಾಲ್ವನೈಸ್ಡ್ ಮೊಣಕೈ ತುಂಡು ಸೇರಿಸುವ ಆಸೆಯೂ ಬೇಡ. ಸತುವಿನ ಹೊಗೆ ಕುಡಿದರೆ ಜ್ವರ ಬಂದಂತೆ ನಡುಕ ಹಿಡಿಯುತ್ತದೆ.

ವೆಲ್ಡಿಂಗ್ ಕೈಗೆಟುಕದವರು ಸ್ಟೀಲಿನ ಸುಕ್ಕು ಪೈಪ್ ನೋಡುತ್ತಾರೆ. ಬೇಕಾದ ಕಡೆ ಬಗ್ಗುತ್ತದೆ, ಹತ್ತು ನಿಮಿಷದ ಕೆಲಸ. ಆದರೆ ಕ್ಲ್ಯಾಂಪ್ ಹಾಕಿದ ಎರಡೂ ತುದಿಯಲ್ಲಿ ಟೂ-ಸ್ಟ್ರೋಕ್ ಎಣ್ಣೆ ಜಿನುಗುತ್ತದೆ, ನಡುಕಕ್ಕೆ ಸುಕ್ಕಿನಲ್ಲಿ ಬಿರುಕು ಬರುತ್ತದೆ. ಪರೀಕ್ಷೆಗೆ ಹಾಕಿ ಯಾವ ಆಕಾರ ಬೇಕು ಅಂತ ಗೊತ್ತುಮಾಡಿಕೊಳ್ಳಲು ಚೆನ್ನಾಗಿದೆ. ಕಾಯಂ ಅಂತ ನಂಬಬೇಡಿ.

ಇನ್ನು ಎಕ್ಸ್‌ಪಾನ್ಷನ್ ಚೇಂಬರ್, ಅಂದರೆ ನಡುವೆ ಹೊಟ್ಟೆ ಉಬ್ಬಿದ ಟೂ-ಸ್ಟ್ರೋಕ್ ಪೈಪ್. ಎಳೆತ ಜಾಸ್ತಿ ಮಾಡಲು ತರಿಸುತ್ತಾರೆ. ಒಳ್ಳೆಯದೇ, ಆದರೆ ಅದರ ಹೊಟ್ಟೆ ಕಿಟ್ಟಿನ ಸೈಲೆನ್ಸರಿಗಿಂತ ದಪ್ಪ. ಜಾಗ ಇಲ್ಲ ಅಂತ ಒದ್ದಾಡುತ್ತಿರುವವರು ಅದನ್ನು ತಂದರೆ ಇರುವ ಜಾಗವೂ ಹೋಗುತ್ತದೆ. ಫ್ರೇಮಿನ ಮೇಲ್ಭಾಗದಿಂದ ಹಿಂದಕ್ಕೆ ಒಯ್ದರೆ ಪೆಡಲ್ ಸುತ್ತಿನಿಂದ ತಪ್ಪಿಸಬಹುದು. ಆಗ ಬಿಸಿ ತೊಡೆಗೆ.

ಎಕ್ಸ್‌ಟೆಂಡರ್, ಗಿಡ್ಡ ಕ್ರ್ಯಾಂಕ್, ಪೆಗ್

ಎಕ್ಸ್‌ಟೆಂಡರನ್ನು ಮೇಲೆ ಬೈದಿದ್ದೇನೆ, ಆದರೆ ಅದಕ್ಕೂ ಒಂದು ಜಾಗ ಇದೆ. ಕ್ರ್ಯಾಂಕ್ ಆರಾಮಾಗಿ ತಿರುಗುತ್ತಿದೆ, ಶೂ ಅಥವಾ ಹಿಮ್ಮಡಿ ಮಾತ್ರ ತಾಗುತ್ತಿದೆ ಅಂದರೆ ಅದೇ ಸರಿಯಾದ ಮದ್ದು. ಚೈನ್ ಓರೆಯಾಗುವುದಿಲ್ಲ, ಆಕ್ಸಲ್ ಬಿಚ್ಚಬೇಕಿಲ್ಲ. ಎಡ ಪೆಡಲ್ ಉಲ್ಟಾ ಥ್ರೆಡ್ ಅನ್ನೋದು ನೆನಪಿರಲಿ, ಎಕ್ಸ್‌ಟೆಂಡರೂ ಎಡ ಬಲ ಬೇರೆ ಬೇರೆ. ಕೊರತೆ ಏನಪ್ಪಾ ಅಂದರೆ ತುಳಿತದ ಭಾರ ಕ್ರ್ಯಾಂಕಿನಿಂದ ಇನ್ನೂ ದೂರಕ್ಕೆ ಹೋಗುತ್ತದೆ, ಥ್ರೆಡ್ ಮೇಲೆ ಒತ್ತಡ ಜಾಸ್ತಿ. ನಿಂತು ತುಳಿಯುವ ಭಾರಿ ಆಳಿಗೆ ನಾನು ಇದನ್ನು ಹೇಳುವುದಿಲ್ಲ.

ಗಿಡ್ಡ ಕ್ರ್ಯಾಂಕಿನ ವಿಷಯದಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. 170 ಮಿ.ಮೀ. ಬದಲು 152ರದ್ದು ಹಾಕಿದರೆ ಪೆಡಲ್ ಸುತ್ತು 18 ಮಿ.ಮೀ. ಒಳಕ್ಕೆ ಬರುತ್ತದೆ. ಸುತ್ತಿನ ಅಂಚಿನಲ್ಲಿ, ಅಂದರೆ ಮುಂದೆ ಅಥವಾ ಕೆಳಗೆ ಕಾಲ್ಬೆರಳ ತುದಿ ತಾಗುತ್ತಿದ್ದರೆ ಇದರಿಂದ ಪಾರಾಗಬಹುದು. ಆಕ್ಸಲ್ ಪಕ್ಕದಲ್ಲೇ ಉಬ್ಬಿರುವ ಎಂಜಿನ್ ಕವರಿಗೆ ತಾಗುತ್ತಿದ್ದರೆ ಎಷ್ಟು ಗಿಡ್ಡ ಮಾಡಿದರೂ ಅಷ್ಟೇ, ಕ್ರ್ಯಾಂಕಿನ ಬುಡ ಅಲ್ಲೇ ಹಾಯುತ್ತದೆ. ಗಿಡ್ಡ ಆದಷ್ಟೂ ತುಳಿಯಲು ಭಾರ ಅನ್ನೋದು ಬೇರೆ.

ಪೆಡಲ್ ತೆಗೆದುಹಾಕಿ ಕಾಲಿಡಲು ಪೆಗ್ ಹಾಕುವುದು? ಬೇಡ. ಈ ಕಿಟ್‌ಗಳಲ್ಲಿ ತುಂಬಾ ಭಾಗ ಪೆಡಲ್ ತುಳಿದು, ವೇಗ ಬಂದ ಮೇಲೆ ಕ್ಲಚ್ ಬಿಟ್ಟು ಸ್ಟಾರ್ಟ್ ಆಗುವಂಥವು. ಹಿಂದಕ್ಕೆ ತುಳಿದು ನಿಲ್ಲಿಸುವ ಬ್ರೇಕ್ ಇರುವ ಸೈಕಲ್ಲಾದರೆ ಪೆಡಲ್ ಜೊತೆಗೆ ಬ್ರೇಕನ್ನೂ ಬಿಚ್ಚಿಟ್ಟಂತೆ.

ತಾಗುತ್ತಿಲ್ಲ, ಆದರೆ ಸುಡುತ್ತಿದೆ

ಎಲ್ಲಾ ದಾಟಿದರೂ ಪೈಪ್ ಕಾಲಿನ ಹತ್ತಿರವೇ ಇದ್ದರೆ ತಗಡಿನ ಕವಚ ಹಾಕಿ. ಪೈಪಿಗೂ ತಗಡಿಗೂ ನಡುವೆ 6–8 ಮಿ.ಮೀ. ಗಾಳಿ ಆಡಲಿ, ಅಂಟಿಸಿದರೆ ತಗಡೂ ಅಷ್ಟೇ ಬಿಸಿಯಾಗುತ್ತದೆ. ಪೈಪಿಗೆ ಸುತ್ತುವ ಶಾಖ ತಡೆಯುವ ಪಟ್ಟಿ ನೋಡಲು ಚಂದ, ಆದರೆ ನೀರು ಹೀರಿ ಒಳಗೆ ತುಕ್ಕು ಹಿಡಿಸುತ್ತದೆ. ನಾನು ತಗಡಿನ ಕಡೆ. ನೈಲಾನ್ ಪ್ಯಾಂಟ್ ಹಾಕುವವರು ಎರಡರಲ್ಲಿ ಒಂದನ್ನು ಹಾಕಲೇಬೇಕು, ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕೊನೆಗೆ ಬಿಗಿಯುವ ಕ್ರಮ

ಪೈಪ್ ಸರಿಸಿದ ಮೇಲೆ ಸ್ಟಡ್ ಮುರಿಯುವ ದೂರು ಬಹಳ. ಸೈಲೆನ್ಸರಿನ ಪೂರ್ತಿ ಭಾರ ಎರಡು ಸಣ್ಣ ಸ್ಟಡ್ ಮೇಲೆ ನೇತಾಡುತ್ತಿದ್ದರೆ ಮುರಿಯದೆ ಇನ್ನೇನು? ಕೆಳಗೆ ಒಂದು ಪಟ್ಟಿ ಬೇಕೇ ಬೇಕು, ಆದಷ್ಟೂ ಎಂಜಿನ್ನಿನ ಮೌಂಟ್ ಬೋಲ್ಟಿಗೇ ಅದನ್ನು ಹಿಡಿಸಿ. ಎಂಜಿನ್ ಜೊತೆ ಸೈಲೆನ್ಸರೂ ಒಟ್ಟಿಗೇ ನಡುಗಲಿ. ಮೊದಲು ಮೇಲಿನ ಫ್ಲ್ಯಾಂಜ್ ನಟ್ ಬಿಗಿ ಮಾಡಿ. ಆಮೇಲೆ ಪಟ್ಟಿಯ ತೂತು ತಾನಾಗಿ ಬೋಲ್ಟಿಗೆ ಎದುರು ಬರಬೇಕು. ಬರದಿದ್ದರೆ ಪೈಪನ್ನು ಎಳೆದು ಕೂರಿಸಬೇಡಿ, ಪಟ್ಟಿಯನ್ನೇ ಬಗ್ಗಿಸಿ ಅಥವಾ ವಾಶರ್ ಹಾಕಿ. ಎಳೆದು ಕೂರಿಸಿದ ಪೈಪ್ ಮೊದಲ ದಿನದಿಂದಲೇ ಸ್ಟಡ್ಡನ್ನು ಪಕ್ಕಕ್ಕೆ ಜಗ್ಗುತ್ತಿರುತ್ತದೆ. ಇಪ್ಪತ್ತು ಕಿಲೋಮೀಟರ್ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಫ್ಲ್ಯಾಂಜ್ ನಟ್, ಕ್ರ್ಯಾಂಕ್ ಬೋಲ್ಟ್ ಎರಡನ್ನೂ ಇನ್ನೊಮ್ಮೆ ಬಿಗಿ ನೋಡಿ. ಸೀಮೆಸುಣ್ಣದ ಪರೀಕ್ಷೆಯನ್ನೂ ಆಗಲೇ ಮತ್ತೊಮ್ಮೆ ಮಾಡಿ. ನನ್ನ ಸೈಕಲ್ಲಿನಲ್ಲಿ 10 ಮಿ.ಮೀ. ಇದ್ದ ಜಾಗ ಆ ಇಪ್ಪತ್ತು ಕಿಲೋಮೀಟರಿಗೆ 7 ಆಗಿತ್ತು. ಪಟ್ಟಿ ಬಗ್ಗಿತ್ತು, ಇನ್ನೊಂದು ದಪ್ಪದ್ದು ಹಾಕಿದೆ.